ಇಬ್ಬರ ನಂಟಿಗೆ ಊರಿನ ಹಂಗು: ಜಾಲಗಳು ಸವೆಯುವ ಬಗೆ ಕುರಿತು ಒಂದು ಟಿಪ್ಪಣಿ

ನಿಮ್ಮ ಮನೆಗೆ ಬಂದುಹೋಗುವವರು ಯಾರು? ನೀವು ಯಾರ ಮನೆಗೆ ಹೋಗುತ್ತೀರಿ? ದಿಢೀರನೆ ದುಡ್ಡು ಬೇಕಾದರೆ ಯಾರನ್ನು ಕೇಳುತ್ತೀರಿ? ಸೀಮೆಎಣ್ಣೆಯೋ ಅಕ್ಕಿಯೋ ಮುಗಿದುಹೋದರೆ ಯಾರಲ್ಲಿ ಕಡ ತರುತ್ತೀರಿ? ಮೈಗೆ ಹುಷಾರಿಲ್ಲದಾಗ ಯಾರ ಮಾತು ಕೇಳುತ್ತೀರಿ? ಗುಡಿಗೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗುತ್ತೀರಿ? ಈ ಬಗೆಯ ಹನ್ನೆರಡು ಹದಿಮೂರು ಪ್ರಶ್ನೆಗಳನ್ನು 2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳ ಜನರಿಗೆ ಕೇಳಲಾಯಿತು. ಬೆಂಗಳೂರಿನಿಂದ ಎರಡು ಮೂರು ಗಂಟೆ ಪ್ರಯಾಣದ ಊರುಗಳು ಅವು. ಬಂದ ಉತ್ತರಗಳಿಂದ ಯಾವ ಮನೆಗೂ ಯಾವ ಮನೆಗೂ ಎಂಥ ಕೊಂಡಿಯಿದೆ ಎಂದು ಊರೂರಿಗೆ ನಕ್ಷೆ ಬರೆದರು. ಜಾಲಗಳ ಅಧ್ಯಯನದಲ್ಲಿ ಈ ನಕ್ಷೆಗಳಿಗೆ ಇಂದು ದೊಡ್ಡ ಹೆಸರು. ಮೊದಲ ಸುತ್ತಿನ ದತ್ತಾಂಶ ಸಾರ್ವಜನಿಕವಾಗಿ ಸಿಗುವುದರಿಂದ ಈ ಹಳ್ಳಿಗಳನ್ನು ಎಂದೂ ಕಾಣದ ವಿದ್ಯಾರ್ಥಿಗಳೂ ಅವುಗಳ ಮೇಲೆ ಲೆಕ್ಕ ಮಾಡಿ ಕಲಿಯುತ್ತಾರೆ.

ಸಮೀಕ್ಷೆಯ ಮೂಲ ಉದ್ದೇಶ ಬೇರೆಯಿತ್ತು. ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಕಿರುಸಾಲ ಸಂಸ್ಥೆ ಈ ಊರುಗಳಿಗೆ ಕಾಲಿಡಲಿತ್ತು. ಹೆಂಗಸರು ಐದೈದು ಮಂದಿಯ ಗುಂಪು ಕಟ್ಟಿಕೊಂಡು, ಒಬ್ಬರಿಗೊಬ್ಬರು ಹೊಣೆ ನಿಂತು, ವಾರದ ಕಂತಿನಲ್ಲಿ ತೀರಿಸುವ ಸಾಲ ಅದು. ಸುದ್ದಿ ಮೊದಲು ಯಾರ ಕಿವಿಗೆ ಬಿದ್ದರೆ ಊರೆಲ್ಲ ಹರಡುತ್ತದೆ ಎಂಬುದು ಅಂದಿನ ಪ್ರಶ್ನೆ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಶಾಲೆ ಮೇಷ್ಟ್ರು, ಅಂಗಡಿಯವರು, ಸಂಘದ ಮುಖ್ಯಸ್ಥೆಯರು ಹೀಗೆ ಮೊದಲು ಸುದ್ದಿ ಕೇಳಿದವರು ಜಾಲದಲ್ಲಿ ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ ಆ ಊರಿನಲ್ಲಿ ಎಷ್ಟು ಮಂದಿ ಸಾಲಕ್ಕೆ ಸೇರುತ್ತಾರೆಂಬುದು ನಿಂತಿತ್ತು. ಆ ಕತೆಯನ್ನು ಹಲವರು ಬರೆದಿದ್ದಾರೆ. ಈ ಟಿಪ್ಪಣಿ ಅದರ ಮುಂದಿನ ಭಾಗದ ಕುರಿತದ್ದು: ಸಾಲ ಬಂದ ಮೇಲೆ ಆ ಜಾಲಕ್ಕೇ ಏನಾಯಿತು?

2012ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಹೋಗಿ ಅಂಥವೇ ಪ್ರಶ್ನೆಗಳನ್ನು ಕೇಳಿದರು. ಅಷ್ಟರಲ್ಲಿ 75ರ ಪೈಕಿ 43 ಊರುಗಳಿಗೆ ಕಿರುಸಾಲ ಬಂದಿತ್ತು, 32ಕ್ಕೆ ಬಂದಿರಲಿಲ್ಲ. ಈ ಆರು ವರ್ಷಗಳಲ್ಲಿ ಎರಡೂ ಬಗೆಯ ಊರುಗಳು ಬದಲಾಗಿದ್ದವು; ಮೊಬೈಲು ಬಂದಿತ್ತು, ಹುಡುಗರು ಪೇಟೆಗೆ ಹೋಗಿದ್ದರು. ಆದ್ದರಿಂದ ಒಂದು ಊರಿನ ಅಂದು ಇಂದನ್ನು ಮಾತ್ರ ಹೋಲಿಸಿದರೆ ಏನೂ ತಿಳಿಯದು. ಸಾಲ ಬಂದ ಊರುಗಳ ಅಂದು ಇಂದಿನ ಅಂತರವನ್ನು ಸಾಲ ಬಾರದ ಊರುಗಳ ಅಂದು ಇಂದಿನ ಅಂತರದ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದಾಗ ಸಾಲ ಬಂದ ಊರುಗಳಲ್ಲಿ ಮನೆಮನೆಗಳ ನಡುವಿನ ಕೊಂಡಿಗಳು ಹೆಚ್ಚು ಪ್ರಮಾಣದಲ್ಲಿ ಕಡಿಮೆಯಾಗಿದ್ದವು.

ಇಷ್ಟು ಕೇಳಿದರೆ ಯಾರೂ ಬೆಚ್ಚುವುದಿಲ್ಲ. ಕಂತಿನ ಸಾಲ ಸಿಗುವವಳು ಕೈಗಡಕ್ಕಾಗಿ ಪಕ್ಕದ ಮನೆಯ ಬಾಗಿಲಿಗೆ ಹೋಗುವುದು ಕಡಿಮೆಯಾದೀತು, ಹೋಗುವುದು ಕಡಿಮೆಯಾದರೆ ನಂಟೂ ಸಡಿಲವಾದೀತು. ಬೆಚ್ಚಿಸುವ ಸಂಗತಿ ಮುಂದಿದೆ. ಎಮಿಲಿ ಬ್ರೆಜಾ, ಸಿಂಥಿಯಾ ಕಿನ್ನನ್ ಕೂಡ ಸೇರಿದ ಈ ತಂಡ ಮನೆಗಳನ್ನು ಎರಡಾಗಿ ವಿಂಗಡಿಸಿತು: ಕಿರುಸಾಲ ಪಡೆಯುವ ಸಂಭವ ಹೆಚ್ಚಿರುವವು ಮತ್ತು ಕಡಿಮೆಯಿರುವವು. ಸಾಲ ಬಾರದ ಊರುಗಳಲ್ಲೂ ಇದೇ ವಿಂಗಡಣೆ ಮಾಡಿದ್ದರಿಂದ ಒಂದೇ ಬಗೆಯ ಜೋಡಿಗಳನ್ನು ಎರಡೂ ಕಡೆ ಹೋಲಿಸಬಹುದಿತ್ತು. ಸಾಲದ ಗೋಜಿಗೆ ಹೋಗುವ ಸಂಭವವೇ ಕಡಿಮೆಯಿದ್ದ ಎರಡು ಮನೆಗಳ ನಡುವಿನ ಕೊಂಡಿಗಳು, ಸಾಲ ಪಡೆಯುವವರ ಕೊಂಡಿಗಳಷ್ಟೇ ಪ್ರಮಾಣದಲ್ಲಾದರೂ ಕಳಚಿಹೋಗಿದ್ದವು. ಇಬ್ಬರಿಗೂ ಸಾಲ ಬೇಡ, ಇಬ್ಬರ ಸ್ಥಿತಿಯೂ ಬದಲಾಗಿಲ್ಲ. ಆದರೂ ಅವರ ನಡುವಿನ ಕೊಡುಕೊಳ್ಳುವಿಕೆ ನಿಂತುಹೋಗಿತ್ತು.

ಈ ಒಂದು ಫಲಿತಾಂಶವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಏಕೆಂದು ಹೇಳಲು ಜಾಲಗಳ ಸಿದ್ಧಾಂತ ಈವರೆಗೆ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕು.

1959–60ರಲ್ಲಿ ಪಾಲ್ ಎರ್ಡೋಶ್ ಮತ್ತು ಆಲ್ಫ್ರೆಡ್ ರೇನ್ಯಿ ಬರೆದ ಗಣಿತದಲ್ಲಿ ಯಾವ ಎರಡು ಬಿಂದುಗಳ ನಡುವೆ ಗೆರೆ ಬೀಳುತ್ತದೆಂಬುದು ಬರೀ ಆಕಸ್ಮಿಕ. 1999ರಲ್ಲಿ ಬರಬಾಶಿ ಮತ್ತು ರೇಕಾ ಆಲ್ಬರ್ಟ್ ಮುಂದಿಟ್ಟ ಮಾದರಿಯಲ್ಲಿ ಹೊಸಬರು ಬಂದು ಈಗಾಗಲೇ ಹೆಚ್ಚು ಕೊಂಡಿಯಿರುವವರಿಗೇ ಅಂಟಿಕೊಳ್ಳುತ್ತಾರೆ, ಉಳ್ಳವರಿಗೆ ಮತ್ತಷ್ಟು. ಸಂಶೋಧನಾ ಲೇಖನಗಳ ಉಲ್ಲೇಖಗಳನ್ನು ಎಣಿಸಿದ ಡೆರೆಕ್ ಪ್ರೈಸ್ 1976ರಲ್ಲೇ ಇಂಥದ್ದೊಂದು ನಿಯಮವನ್ನು ರೂಪಿಸಿದ್ದರು. ಅವರ ಹೆಸರನ್ನು ಬಿಟ್ಟು ಈ ಚರಿತ್ರೆಯನ್ನು ಹೇಳುವುದು ನ್ಯಾಯವಲ್ಲ. ಅರ್ಥಶಾಸ್ತ್ರಜ್ಞರು ಹಿಡಿದ ದಾರಿ ಬೇರೆ. ಜಾಕ್ಸನ್ ಮತ್ತು ಆಶರ್ ವೊಲಿನ್‌ಸ್ಕಿ 1996ರಲ್ಲಿ ಹೇಳಿದಂತೆ, ಕೊಂಡಿ ಕೂಡಲು ಇಬ್ಬರೂ ಒಪ್ಪಬೇಕು, ಕಳಚಲು ಒಬ್ಬರು ಬೇಡವೆಂದರೆ ಸಾಕು. ಈ ಮೂರೂ ಮಾದರಿಗಳು ಬೆಲೆಯುಳ್ಳವು. ಆದರೆ ಮೊದಲೆರಡು ಜಾಲ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಹೇಳುತ್ತವೆಯೇ ಹೊರತು ಹೇಗೆ ಸವೆಯುತ್ತದೆ ಎಂದು ಹೇಳುವುದಿಲ್ಲ. ಮೂರನೆಯದು ಹೇಳುತ್ತದೆ, ಆದರೆ ಕೊಂಡಿಯ ಆಗುಹೋಗನ್ನು ಮುಖ್ಯವಾಗಿ ಅದರ ಎರಡು ತುದಿಗಳ ಲಾಭನಷ್ಟದ ಲೆಕ್ಕಕ್ಕೆ ಬಿಡುತ್ತದೆ. ನೆರೆಯ ಕೊಂಡಿಗಳ ಪ್ರಭಾವ ಅಲ್ಲಿದ್ದರೂ ಅದು ದೂರ ಹೋದಂತೆ ಕ್ಷೀಣಿಸುತ್ತದೆ. ಸಾಲ ಬೇಡದ ಇಬ್ಬರ ನಂಟು ಊರಗಲಕ್ಕೆ ಕಳಚಿದ್ದನ್ನು ಅದರಿಂದ ವಿವರಿಸುವುದು ಕಷ್ಟ.

ತಂಡ ಕೊಟ್ಟ ವಿವರಣೆ ಭೇಟಿಯನ್ನು ಆಧರಿಸಿದೆ. ಜನ ಮನೆಯಿಂದ ಹೊರಬಂದು ಒಬ್ಬರನ್ನೊಬ್ಬರು ಎದುರಾಗಲು ಸ್ವಲ್ಪ ಶ್ರಮ ಹಾಕಬೇಕು: ಜಗಲಿಯ ಮೇಲೆ ಕೂರುವುದು, ಕಟ್ಟೆಯ ಹತ್ತಿರ ನಿಲ್ಲುವುದು, ಹಾಲು ಹಾಕಲು ಹೋದ ಡೈರಿಯಲ್ಲಿ ಇನ್ನೊಂದು ಗಳಿಗೆ ತಡೆಯುವುದು (ಈ ಉದಾಹರಣೆಗಳು ನನ್ನವು, ಅವರ ಮಾದರಿಯಲ್ಲಿರುವುದು ಸಮೀಕರಣ). ನಾನು ಹೊರಗೆ ಬಂದರೆ ಏನಾದರೂ ಫಲ ಸಿಗಬೇಕಾದರೆ ಬೇರೆಯವರೂ ಹೊರಗೆ ಬಂದಿರಬೇಕು. ಕಂತಿನ ಸಾಲ ಸಿಕ್ಕವರು ಹೀಗೆ ಬರುವುದನ್ನು ಕಡಿಮೆ ಮಾಡಿದರೆ ಕಟ್ಟೆಯ ಬಳಿ ಜನ ವಿರಳ. ಜನ ವಿರಳವಾದರೆ ಸಾಲ ಪಡೆಯದವನಿಗೂ ಅಲ್ಲಿಗೆ ಹೋಗುವ ಉಮೇದು ಕುಗ್ಗುತ್ತದೆ, ತನ್ನಂತೆಯೇ ಸಾಲ ಪಡೆಯದ ಇನ್ನೊಬ್ಬ ಎದುರಾಗುವ ಸಂಭವವೂ ಕುಗ್ಗುತ್ತದೆ. ಅವರಿಬ್ಬರೂ ಜಗಳವಾಡಲಿಲ್ಲ, ಒಬ್ಬರನ್ನೊಬ್ಬರು ಬೇಡವೆನ್ನಲೂ ಇಲ್ಲ. ಎದುರಾಗುವುದು ನಿಂತಿತು, ಅಷ್ಟೆ.

ಮೊಸರಿನಲ್ಲಿ ಕಲ್ಲು ಹುಡುಕಬೇಕಾದ ಜಾಗ ಇದು. ಆ 43 ಊರುಗಳನ್ನು ಚೀಟಿಯೆತ್ತಿ ಆರಿಸಿರಲಿಲ್ಲ. ಸಂಸ್ಥೆ ತನ್ನ ಅನುಕೂಲ ನೋಡಿ ಹೋಗಿತ್ತು. ಹಾಗಾಗಿ ಸಾಲ ಬಂದ ಊರುಗಳು ಹೇಗೂ ಬೇರೆ ದಾರಿಯಲ್ಲಿದ್ದವು ಎಂದು ಯಾರಾದರೂ ವಾದಿಸಬಹುದು. ಈ ಆಕ್ಷೇಪ ಬಲವಾದದ್ದು. ಅದಕ್ಕೇ ತಂಡ ಹೈದರಾಬಾದಿನತ್ತ ತಿರುಗಿತು. ಅಲ್ಲಿ 104 ಬಡಾವಣೆಗಳಲ್ಲಿ ಯಾವ ಅರ್ಧಕ್ಕೆ ಮೊದಲು ಕಿರುಸಾಲ ಹೋಗಬೇಕೆಂದು ಯಾದೃಚ್ಛಿಕವಾಗಿ ನಿಗದಿಪಡಿಸಿದ್ದ ಹಳೆಯ ಪ್ರಯೋಗವೊಂದಿತ್ತು. ಸಾಲ ಎಲ್ಲ ಬಡಾವಣೆಗಳನ್ನೂ ತಲುಪಿ ನಾಲ್ಕು ವರ್ಷ ಕಳೆದ ಮೇಲೂ, ಮೊದಲು ಸಾಲ ಬಂದ ಬಡಾವಣೆಗಳಲ್ಲಿ ಮನೆಗಳ ನಡುವಿನ ನಂಟುಗಳು ಕಡಿಮೆಯಿದ್ದವು, ಸಾಲ ಪಡೆಯುವ ಸಂಭವ ಕಡಿಮೆಯಿದ್ದ ಮನೆಗಳ ನಡುವೆಯೂ. ಹಳ್ಳಿಯಲ್ಲಿ ಕಂಡದ್ದು ನಗರದಲ್ಲೂ, ಅದೂ ಬಿಗಿಯಾದ ಪ್ರಯೋಗದಲ್ಲಿ ಕಂಡಿತೆಂದರೆ ಬದಿಗೆ ತಳ್ಳುವುದು ಸುಲಭವಲ್ಲ.

ಇದೇ ತರ್ಕ ಬೇರೆ ಬಗೆಯ ಜಾಲಗಳಲ್ಲೂ ಇದೆಯೇ ಎಂದು ಹುಡುಕುವುದು ಸಹಜ. ಸಂಪರ್ಕ ಜಾಲಗಳಲ್ಲಿ ಒಂದು ಒಳ್ಳೆಯ ಸಾಕ್ಷಿಯಿದೆ. ಗೆಯೋರ್ಗಿ ಕೊಸಿನೆಟ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ 43,553 ಮಂದಿ ಒಂದು ವರ್ಷದಲ್ಲಿ ಒಬ್ಬರಿಗೊಬ್ಬರು ಕಳಿಸಿದ ಇಮೇಲುಗಳ ಜಾಡನ್ನು ಪರೀಕ್ಷಿಸಿದರು. ಯಾರು ಏನು ಬರೆದರೆಂಬುದನ್ನು ನೋಡಲಿಲ್ಲ, ಯಾರಿಂದ ಯಾರಿಗೆ ಎಂಬುದನ್ನಷ್ಟೇ ನೋಡಿದರು. ಇಬ್ಬರಿಗೂ ಗೊತ್ತಿರುವ ಮೂರನೆಯವರಿದ್ದರೆ ಹೊಸ ನಂಟು ಹುಟ್ಟುವ ಸಂಭವ ಹೆಚ್ಚು. ಒಂದೇ ತರಗತಿಯಲ್ಲಿ ಕೂರುವವರಾಗಿದ್ದರೆ, ನಡುವೆ ಪರಿಚಿತರಿಲ್ಲದಿದ್ದರೂ ಆ ಸಂಭವ ಏರುತ್ತದೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಇಡೀ ಜಾಲದ ಸರಾಸರಿ ಲಕ್ಷಣಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು, ಆದರೆ ಅದರೊಳಗೆ ಒಬ್ಬೊಬ್ಬರ ಸ್ಥಾನ ಮಾತ್ರ ಏರಿಳಿಯುತ್ತಲೇ ಇತ್ತು. ಹೊರಗಿನಿಂದ ನಿಶ್ಚಲವಾಗಿ ಕಾಣುವ ಜಾಲದೊಳಗೆ ಕೊಂಡಿಗಳು ಹುಟ್ಟಿ ಸಾಯುತ್ತಲೇ ಇರುತ್ತವೆ. ಎರಡು ಗುಂಪುಗಳನ್ನು ಕೂಡಿಸುವ ಸೇತುವೆಯಂಥ ಕೊಂಡಿಗಳ ಆಯುಸ್ಸು ಎಷ್ಟು ಅಲ್ಪವೆಂಬುದನ್ನು ರೊನಾಲ್ಡ್ ಬರ್ಟ್ 2002ರಲ್ಲಿ ಬ್ಯಾಂಕರುಗಳ ನಡುವೆ ಅಳೆದರು: ಹತ್ತರಲ್ಲಿ ಒಂಬತ್ತು ಮುಂದಿನ ವರ್ಷಕ್ಕೆ ಉಳಿದಿರಲಿಲ್ಲ.

ಜೀವಜಾಲಗಳ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿ ಉಮೇದೂ ಇಲ್ಲ, ಮುಲಾಜೂ ಇಲ್ಲ. ಯೀಸ್ಟಿನ ಪ್ರೋಟೀನುಗಳ ಜಾಲದಲ್ಲೂ ಉಳ್ಳವರಿಗೆ ಮತ್ತಷ್ಟು ಎಂಬ ನಿಯಮದ ನೆರಳು ಕಾಣುತ್ತದೆ, ಆದರೆ ಅಲ್ಲಿ ಯಾವ ಪ್ರೋಟೀನೂ ಯಾವುದನ್ನೂ ಆರಿಸಿಕೊಳ್ಳುವುದಿಲ್ಲ. ಒಂದು ಜೀನು ನಕಲಾದಾಗ ಹೊಸ ಪ್ರೋಟೀನು ಹಳೆಯದರ ಸಂಗಾತಿಗಳನ್ನೆಲ್ಲ ಉಚಿತವಾಗಿ ಪಡೆಯುತ್ತದೆ. ಹೆಚ್ಚು ಸಂಗಾತಿಗಳಿರುವ ಪ್ರೋಟೀನು ಹೀಗೆ ನಕಲಾದ ಯಾವುದೋ ಒಂದರ ಸಂಗಾತಿಯಾಗಿರುವ ಸಂಭವ ಹೆಚ್ಚು. ಅಲ್ಲಿಗೆ ಅದರ ಕೊಂಡಿಗಳು ಬೆಳೆಯುತ್ತವೆ. ಒಂದೇ ಆಕಾರ, ಬೇರೆ ಕಾರಣ. ಆಕಾರ ನೋಡಿ ಕಾರಣ ಹೇಳುವ ಆತುರ ಜಾಲವಿಜ್ಞಾನದಲ್ಲಿ ಬಹಳ ಕಾಲ ಇತ್ತು, ಅದರಿಂದ ಹಾನಿಯೂ ಆಗಿದೆ.

ಆದರೂ ಒಂದು ಉದಾಹರಣೆ ನನ್ನ ವಾದಕ್ಕೆ ಹತ್ತಿರವಿದೆ. ಹುಟ್ಟಿದಾಗ ಇಲಿಯ ಒಂದೊಂದು ಸ್ನಾಯುತಂತುವಿಗೂ ಹಲವು ನರಗಳ ತುದಿಗಳು ಬಂದು ಕೂಡಿರುತ್ತವೆ. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಉಳಿದು ಮಿಕ್ಕವು ಹಿಂದೆ ಸರಿಯುತ್ತವೆ. ಸರಿದ ನರ ದುರ್ಬಲವಾಗಿತ್ತು ಎಂದು ಊಹಿಸುವುದು ಸುಲಭ. ಸ್ಟೀಫನ್ ಟರ್ನಿ ಮತ್ತು ಜೆಫ್ ಲಿಕ್ಟ್‌ಮನ್ 2012ರಲ್ಲಿ ಗೆಲ್ಲುತ್ತಿದ್ದ ನರವನ್ನೇ ಲೇಸರಿನಿಂದ ತೆಗೆದು ನೋಡಿದರು. ಹಿಂದೆ ಸರಿಯುತ್ತಿದ್ದ ನರ ತಿರುಗಿ ಬಂದು ಜಾಗ ಹಿಡಿಯಿತು. ನರಕ್ಕೂ ಸ್ನಾಯುವಿಗೂ ಇರುವ ಕೊಂಡಿಯ ಅಳಿವು ಉಳಿವನ್ನು ಆ ಎರಡರ ಗುಣದಿಂದಷ್ಟೇ ಹೇಳಲಾಗದು. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಅಲ್ಲಿ ನಿರ್ಣಾಯಕ.

ಮತ್ತೆ ಹಳ್ಳಿಗೆ ಬರೋಣ. ಕೊಂಡಿ ಕಳಚಿದ್ದೆಲ್ಲ ನಷ್ಟವೇ? ಅಲ್ಲ, ಮತ್ತು ಇದನ್ನು ಒತ್ತಿ ಹೇಳಬೇಕು. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಸುತ್ತ ವಂಗಲ, ದಲೇನ ಎಂದು ತಾವು ಕರೆದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕ 1962ರಲ್ಲಿ ಬಂತು. ನಾಲೆಯ ನೀರು ಬಂದ ವಂಗಲ ಬೇಸಾಯದಲ್ಲೇ ಬೆಳೆಯಿತು, ಹಳೆಯ ಸಂಬಂಧಗಳೂ ಹೆಚ್ಚಾಗಿ ಉಳಿದವು. ದಲೇನದ ಭೂಮಿ ನಾಲೆಗಿಂತ ಮೇಲಿದ್ದುದರಿಂದ ನೀರು ಹತ್ತಲಿಲ್ಲ. ಅಲ್ಲಿಯವರು ಮಂಡ್ಯದ ಕೆಲಸಗಳತ್ತ ಹೊರಳಿದರು, ಒಕ್ಕಲಿಗ ಮನೆಗಳಿಗೂ ದಲಿತ ಮನೆಗಳಿಗೂ ತಲೆಮಾರುಗಳಿಂದ ಇದ್ದ ದುಡಿಮೆಯ ಕಟ್ಟು ಮುರಿಯಿತು. ಆ ಕಟ್ಟನ್ನು ನಕ್ಷೆಯಲ್ಲಿ ಒಂದು ಗೆರೆಯಾಗಿ ಬರೆದರೆ ಗಟ್ಟಿಯಾದ ಗೆರೆಯೇ ಬರುತ್ತದೆ. ಅದು ಕಳಚಿದಾಗ ಯಾರಿಗೆ ಬಿಡುಗಡೆ, ಯಾರಿಗೆ ಅನಾಥಸ್ಥಿತಿ ಎಂಬುದನ್ನು ಗೆರೆ ಹೇಳುವುದಿಲ್ಲ. ಜಾಲದ ಸಾಂದ್ರತೆಯನ್ನು ಊರಿನ ಒಳಿತಿನ ಅಳತೆಯೆಂದು ಹಿಡಿಯುವ ಬರವಣಿಗೆಯನ್ನು ನಾನು ಒಪ್ಪಲಾರೆ.

ಬ್ಯಾನರ್ಜಿ ಮತ್ತು ಜೊತೆಗಾರರ ಅಧ್ಯಯನ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದು ಅದರ ಬಲ. ಕೊಂಡಿಗಳ ಜೊತೆ ಎರಡು ಸಂಗತಿಗಳನ್ನು ಅದು ನೋಡಿತು: ಮನೆಗಳು ಒಬ್ಬರಿಂದೊಬ್ಬರು ಎಷ್ಟು ಕೈಸಾಲ ಪಡೆಯುತ್ತಿವೆ, ಆದಾಯ ಕುಸಿದಾಗ ಮನೆಯ ಖರ್ಚು ಎಷ್ಟು ಕುಸಿಯುತ್ತದೆ. ನೆರೆಹೊರೆಯ ಆಸರೆ ಗಟ್ಟಿಯಿದ್ದರೆ ಆದಾಯ ಏರಿಳಿದರೂ ಖರ್ಚು ಅಷ್ಟಾಗಿ ಏರಿಳಿಯಬಾರದು. ಕಿರುಸಾಲ ಪಡೆಯುವ ಸಂಭವ ಕಡಿಮೆಯಿದ್ದ ಮನೆಗಳೇ ಈ ಆಸರೆಯನ್ನು ಹೆಚ್ಚು ಕಳೆದುಕೊಂಡಿದ್ದವು. ಹೊಸ ಸಾಲ ಅವರಿಗಿಲ್ಲ, ಹಳೆಯ ಕೈಗಡವೂ ಇಲ್ಲ. ಕಿರುಸಾಲದಿಂದ ಒಳ್ಳೆಯದಾಯಿತೇ ಕೆಟ್ಟದ್ದಾಯಿತೇ ಎಂಬ ನಮ್ಮ ಚರ್ಚೆಯೆಲ್ಲ ಸಾಲ ಪಡೆದವರ ಸುತ್ತಲೇ ನಡೆಯುತ್ತದೆ: ಅವರ ಕಂತು, ಅವರ ಬಡ್ಡಿ, ಅವರ ಮೇಲಿನ ಒತ್ತಡ. ಅದು ನಡೆಯಲೇಬೇಕಾದ ಚರ್ಚೆ. ಆದರೆ ಸಾಲದ ಪಟ್ಟಿಯಲ್ಲಿ ಹೆಸರೇ ಇಲ್ಲದವರ ನಷ್ಟವನ್ನು ಲೆಕ್ಕ ಹಾಕುವವರು ಬೇಡವೇ?

ಇದಕ್ಕೆ ಎದುರಾಗಿ ಕಾಣುವ ಒಂದು ಪ್ರಯೋಗವನ್ನೂ ಇಲ್ಲಿ ಇಡಬೇಕು. ಬೆಂಜಮಿನ್ ಫೈಗನ್‌ಬರ್ಗ್, ಎರಿಕಾ ಫೀಲ್ಡ್ ಮತ್ತು ರೋಹಿಣಿ ಪಾಂಡೆ ಕೋಲ್ಕತ್ತದಲ್ಲಿ ಕಿರುಸಾಲದ ಕೆಲವು ಗುಂಪುಗಳನ್ನು ವಾರಕ್ಕೊಮ್ಮೆ, ಕೆಲವನ್ನು ತಿಂಗಳಿಗೊಮ್ಮೆ ಸೇರುವಂತೆ ಯಾದೃಚ್ಛಿಕವಾಗಿ ವಿಂಗಡಿಸಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಸೇರಿದ ಹೆಂಗಸರ ನಡುವೆ ಸಾಲದ ಅವಧಿ ಮುಗಿದ ಬಹುಕಾಲದ ನಂತರವೂ ಒಡನಾಟ ಹೆಚ್ಚಿತ್ತು, ಮುಂದಿನ ಸಾಲದಲ್ಲಿ ಅವರು ಬಾಕಿ ಉಳಿಸಿಕೊಂಡದ್ದೂ ಕಡಿಮೆ. ಒಂದು ಕಡೆ ಕಿರುಸಾಲ ನಂಟು ಕಳಚಿತು, ಇನ್ನೊಂದು ಕಡೆ ಬೆಸೆಯಿತು. ವಿರೋಧ ಮೇಲ್ನೋಟದ್ದು. ಎರಡರಲ್ಲೂ ಕೆಲಸ ಮಾಡಿದ್ದು ಭೇಟಿಯೇ ಎಂದು ನನ್ನ ಓದು: ಗುಂಪಿನೊಳಗೆ ಭೇಟಿ ಕಡ್ಡಾಯವಾಯಿತು, ಊರೊಳಗೆ ವಿರಳವಾಯಿತು.

ಹಾಗಿದ್ದರೆ ಈ ಓದನ್ನು ಪರೀಕ್ಷಿಸಬಹುದು. ಇಂದಿನ ಪ್ರಶ್ನಾವಳಿಗಳು ಯಾರನ್ನು ಎಂದು ಕೇಳುತ್ತವೆ. ಬಹುಪಾಲು ಎಲ್ಲಿ ಎಂದು ಕೇಳುವುದಿಲ್ಲ. ಡೈರಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ, ಶುದ್ಧ ನೀರಿನ ಘಟಕದ ಬಳಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ವಾರ ಯಾರು ಯಾರು ಎದುರಾದರು ಎಂಬ ಒಂದು ಪುಟವನ್ನು ಸೇರಿಸಿದರೆ ಸಾಕು. ಕಂತು ಕಟ್ಟುವುದು ಸಭೆಯಿಂದ ಫೋನಿಗೆ ಬದಲಾಗುವ ಊರುಗಳಲ್ಲಿ ಆ ಬದಲಾವಣೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಇದನ್ನು ಕೇಳಬೇಕು. ಸಾಲದ ಮೊತ್ತ ಅಷ್ಟೇ ಇದ್ದು ಸಭೆ ಮಾತ್ರ ಹೋದಾಗ ಗುಂಪಿನೊಳಗಿನ ಕೊಂಡಿಗಳೂ ಸಡಿಲವಾದರೆ ಭೇಟಿಯ ವಾದ ನಿಲ್ಲುತ್ತದೆ. ಸಡಿಲವಾಗದಿದ್ದರೆ ಈ ಟಿಪ್ಪಣಿಯ ಮುಖ್ಯ ವಾದವನ್ನು ಕೈಬಿಡಬೇಕಾಗುತ್ತದೆ.