ಎಂಟ್ರೊಪಿ

ಜರ್ಮನ್ ಭೌತವಿಜ್ಞಾನಿ ರುಡಾಲ್ಫ್ ಕ್ಲಾಸಿಯಸ್ 1865ರಲ್ಲಿ ಟಂಕಿಸಿದ ಪದವಿದು. ಗ್ರೀಕಿನ ‘ತ್ರೊಪೆ’ ಎಂದರೆ ತಿರುವು, ಮಾರ್ಪಾಡು. ‘ಎನರ್ಜಿ’ಯನ್ನು ಹೋಲಲೆಂದೇ ಅದಕ್ಕೆ ಈ ರೂಪ ಕೊಟ್ಟರು.

ಶಾಖದ ಲೆಕ್ಕಕ್ಕೆ ಹುಟ್ಟಿದ ಪದವನ್ನು 1927ರಲ್ಲಿ ಜಾನ್ ವಾನ್ ನಾಯ್ಮನ್ ಕ್ವಾಂಟಂ ಸ್ಥಿತಿಗಳಿಗೂ ಒಯ್ದರು. ಇದನ್ನು ‘ಅವ್ಯವಸ್ಥೆ’ ಎಂದು ವಿವರಿಸುವುದು ರೂಢಿ. ಕ್ವಾಂಟಂ ಲೋಕದಲ್ಲಿ ‘ಅನಿಶ್ಚಯದ ಅಳತೆ’ ಎಂಬುದೇ ಹೆಚ್ಚು ಸರಿ. ತಿಳಿಯಬಹುದಾದುದೆಲ್ಲ ತಿಳಿದಿರುವ ‘ಶುದ್ಧ ಸ್ಥಿತಿ’ಯ ಎಂಟ್ರೊಪಿ ಸೊನ್ನೆ. ಹೊರಗಿನ ಸಂಪರ್ಕವೇ ಇಲ್ಲದ ವ್ಯವಸ್ಥೆ ಶ್ರೋಡಿಂಗರ್ ಸಮೀಕರಣದಂತೆ ಎಷ್ಟೇ ಬದಲಾದರೂ ಈ ಅಳತೆ ಕೂದಲೆಳೆಯಷ್ಟೂ ಕದಲದು. ಹಾಗಾಗಿ ಶುದ್ಧ ಸ್ಥಿತಿ ತಾನಾಗಿ ಅನಿಶ್ಚಯ ಬೆರೆತ ‘ಮಿಶ್ರ ಸ್ಥಿತಿ’ಯಾಗಲಾರದು.

ನಿಜವಾದ ಬೆರಗು ಇರುವುದು ಬಿಡಿ ಭಾಗಗಳಲ್ಲಿ. ಸ್ಪಿನ್‌ಗಳು ಪೂರ್ಣವಾಗಿ ಹೆಣೆದುಕೊಂಡ ಎರಡು ಎಲೆಕ್ಟ್ರಾನುಗಳನ್ನು ನೋಡಿ: ಜೋಡಿಯ ಎಂಟ್ರೊಪಿ ಸೊನ್ನೆ, ಒಂದೊಂದರದು ಪೂರ್ತಿ 1 ಬಿಟ್! ಇಡಿಯದು ಸಂಪೂರ್ಣ ಗೊತ್ತಿದ್ದೂ ಬಿಡಿಯದು ಏನೂ ಗೊತ್ತಿಲ್ಲ. ನಾಣ್ಯ, ದಾಳಗಳ ಲೆಕ್ಕದಲ್ಲಿ ಇದು ಅಸಾಧ್ಯ.

ಕ್ವಾಂಟಂ ಕಂಪ್ಯೂಟರಿನ ಮಾಹಿತಿ ಘಟಕವಾದ ಕ್ಯೂಬಿಟ್ ಕೆಡುವುದೂ ಹೀಗೆಯೇ, ಸುತ್ತಲಿನ ಪರಿಸರದೊಂದಿಗೆ ಹೆಣೆದುಕೊಂಡು. ಅದನ್ನು ಮತ್ತೆ ಶುದ್ಧಗೊಳಿಸಬೇಕೆಂದರೆ ಎಂಟ್ರೊಪಿಯನ್ನು ಬೇರೆಡೆಗೆ ಸಾಗಿಸಲೇಬೇಕು. ಈ ಸಾಗಣೆಗೂ ಬೆಲೆಯುಂಟು: 1961ರಲ್ಲಿ ರಾಲ್ಫ್ ಲ್ಯಾಂಡವರ್ ತೋರಿಸಿದಂತೆ, 1 ಬಿಟ್ ಅಳಿಸಲು ಇಂತಿಷ್ಟು ಶಾಖ ಹೊರಬೀಳಲೇಬೇಕೆಂಬ ಕನಿಷ್ಠ ಮಿತಿಯಿದೆ. ಕೋಣೆಯ ಉಷ್ಣತೆಯಲ್ಲಿ ಅದು ಒಂದು ಜೂಲ್‌ನ ಲಕ್ಷಕೋಟಿಯಲ್ಲೊಂದು ಪಾಲಿಗಿಂತಲೂ ಬಹಳ ಕಡಿಮೆ.