ಕಚೇರಿ ಇ-ಮೇಲ್: ಅಂಗಡಿ ಕಂಪ್ಯೂಟರ್‌ನಲ್ಲೂ ಕಿಸೆಯ ಫೋನ್‌ನಲ್ಲೂ ಒಂದೇ ಅಂಚೆಡಬ್ಬಿ

ರಾಯದುರ್ಗ/ಮಡಕಶಿರಾ: ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಒಂದು ಸಣ್ಣ ಘಟಕ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬಳ್ಳಾರಿಯ ವ್ಯಾಪಾರಿಯಿಂದ ಹೊಸ ಅಳತೆ ಪಟ್ಟಿ ಇ-ಮೇಲ್‌ನಲ್ಲಿ ಬಂತು. ಗುಮಾಸ್ತರು ಅಂಗಡಿಯ ಕಂಪ್ಯೂಟರ್ ಹಾಕಿದ ಕೂಡಲೇ ಪತ್ರ ಅದರೊಳಗೆ ಇಳಿಯಿತು. ಮಧ್ಯಾಹ್ನ ಮಾಲೀಕರು ಬಸ್ಸಿನಲ್ಲಿ ಕೂತು ಫೋನ್ ತೆಗೆದು ನೋಡಿದರೆ ಅಲ್ಲಿ ಏನೂ ಇಲ್ಲ. ಪಟ್ಟಿ ಬಂದಿಲ್ಲ ಎಂದು ತಿಳಿದು ಹಳೆಯ ಅಳತೆಯಲ್ಲೇ ಕತ್ತರಿಸಲು ಹೇಳಿಬಿಟ್ಟರು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದುಂಟೆ?

ಇಲ್ಲಿ ತಪ್ಪು ವ್ಯಾಪಾರಿಯದೂ ಅಲ್ಲ, ಗುಮಾಸ್ತರದೂ ಅಲ್ಲ. ಕಂಪ್ಯೂಟರ್‌ನಲ್ಲಿ ಮೇಲ್ ಹೊಂದಿಸುವಾಗ ಆಯ್ದುಕೊಂಡ ಒಂದೇ ಒಂದು ಪದದ್ದು. ಆ ಪದ ಯಾವುದು, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಕೊಡಲಾಗಿದೆ.

ಗಡಿಯವರಿಗೆ ಏಕೆ ಮುಖ್ಯ?

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರಕ್ಕೆ ಸೇರಿತು. ವ್ಯಾಪಾರದ ನಂಟು ಮಾತ್ರ ಇಂದಿಗೂ ಬಳ್ಳಾರಿ, ಮೊಳಕಾಲ್ಮೂರು ಕಡೆಗೇ ಹೆಚ್ಚು. ಮಡಕಶಿರಾ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದ ತಾಲೂಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಅದು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು, ಜಿಲ್ಲಾ ಕೇಂದ್ರ ಪುಟ್ಟಪರ್ತಿಗೆ ಹೋಗಿದೆ. ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಕಚೇರಿ ಒಂದು ಕಡೆ, ಪುಸ್ತಕ ಮತ್ತು ನೆಂಟರು ಇನ್ನೊಂದು ಕಡೆ. ಹೀಗೆ ಊರು ಒಂದು, ವ್ಯವಹಾರ ನಾಲ್ಕು ಕಡೆ ಇರುವವರಿಗೆ ಎಲ್ಲಿದ್ದರೂ ತೆರೆದುಕೊಳ್ಳುವ ಅಂಚೆಡಬ್ಬಿ ಬೇಕೇ ಬೇಕು.

ಇದಕ್ಕೆ ಒಂದು ಕನ್ನಡನಾಡಿನ ನಂಟೂ ಇದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಯಾವ ಕಂಪ್ಯೂಟರ್‌ನ ಬ್ರೌಸರ್‌ನಿಂದಲಾದರೂ ನಮ್ಮ ಪತ್ರ ಓದಬಹುದು ಎಂಬ ಮಾತು ಜನರಿಗೆ ರುಚಿಸಿದ್ದು ಆಗಲೇ. ಮರುವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಇಂದು ಅದರ ಹೆಸರು ಔಟ್‌ಲುಕ್ ಡಾಟ್ ಕಾಮ್.

ಪಾಪ್ ಮತ್ತು ಐಮ್ಯಾಪ್: ವ್ಯತ್ಯಾಸವೇನು?

ಮೇಲ್ ತಂತ್ರಾಂಶವು ಸರ್ವರ್‌ನಿಂದ ಪತ್ರ ತರುವುದಕ್ಕೆ ಎರಡು ದಾರಿಗಳಿವೆ.

ಪಾಪ್: ಇದು ಅಂಚೆ ಕಚೇರಿಗೆ ಹೋಗಿ ಕಾಗದಗಳನ್ನೆಲ್ಲ ಕಟ್ಟಿಕೊಂಡು ಮನೆಗೆ ತಂದ ಹಾಗೆ. 1984ರಲ್ಲಿ ರೂಪುಗೊಂಡಿತು. ಆಗ ಮನುಷ್ಯನಿಗೆ ಒಂದೇ ಕಂಪ್ಯೂಟರ್, ಫೋನ್ ಮೂಲಕ ಸಂಪರ್ಕ, ನಿಮಿಷಕ್ಕಿಷ್ಟು ಖರ್ಚು. ಬೇಗ ಇಳಿಸಿಕೊಂಡು ಸಂಪರ್ಕ ಕಡಿದುಕೊಳ್ಳಲು ಅದು ಸರಿಯಾಗಿತ್ತು. ಆದರೆ ಸರ್ವರ್‌ನಲ್ಲಿ ಪ್ರತಿ ಉಳಿಸಬೇಕು ಎಂದು ಗುರುತು ಹಾಕದಿದ್ದರೆ, ಒಬ್ಬರು ತಂದ ಮೇಲೆ ಮತ್ತೊಬ್ಬರಿಗೆ ಕಾಗದವೇ ಇರುವುದಿಲ್ಲ. ನೀವು ಕಳಿಸಿದ ಪತ್ರದ ಪ್ರತಿಯೂ ಆ ಕಂಪ್ಯೂಟರ್‌ನಲ್ಲಿ ಮಾತ್ರ ಉಳಿಯುತ್ತದೆ.

ಐಮ್ಯಾಪ್: ಇದು ಕಾಗದವನ್ನು ಅಂಚೆ ಕಚೇರಿಯ ಪೆಟ್ಟಿಗೆಯಲ್ಲೇ ಬಿಟ್ಟು, ಅದರ ಕೀಲಿಯನ್ನು ಕಂಪ್ಯೂಟರ್‌ಗೂ ಫೋನ್‌ಗೂ ಕೊಟ್ಟ ಹಾಗೆ. ಒಂದು ಕಡೆ ಓದಿದರೆ ಎಲ್ಲ ಕಡೆ ಓದಿದ್ದೆಂದೇ ಕಾಣುತ್ತದೆ. ಕಳಿಸಿದ ಪತ್ರಗಳೂ ಕಡತಗಳೂ ಎಲ್ಲೆಡೆ ಒಂದೇ. ಒಂದು ಎಚ್ಚರಿಕೆ: ಫೋನ್‌ನಲ್ಲಿ ಅಳಿಸಿದರೆ ಅಂಗಡಿಯಲ್ಲೂ ಅಳಿಯುತ್ತದೆ.

ಮೇಲಿನ ಘಟಕದಲ್ಲಿ ಆಗಿದ್ದು ಇದೇ. ಕಂಪ್ಯೂಟರ್ ಪಾಪ್‌ನಲ್ಲಿತ್ತು. ಒಂದಕ್ಕಿಂತ ಹೆಚ್ಚು ಕಡೆ ಮೇಲ್ ನೋಡುವವರು ಐಮ್ಯಾಪ್ ಅನ್ನೇ ಆರಿಸಿಕೊಳ್ಳಬೇಕು.

ಪತ್ರ ಕಳಿಸುವುದಕ್ಕೆ ಮೂರನೆಯದೊಂದು ವ್ಯವಸ್ಥೆ ಇದೆ. ಅದರ ಹೆಸರು ಎಸ್‌ಎಂಟಿಪಿ. ಪತ್ರ ಬರುತ್ತದೆ, ಹೋಗುವುದಿಲ್ಲ ಎಂದಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಶುರುಮಾಡುವ ಮೊದಲು ಬರೆದಿಟ್ಟುಕೊಳ್ಳಿ

* ಪೂರ್ತಿ ಇ-ಮೇಲ್ ವಿಳಾಸ. ಬಳಕೆದಾರ ಹೆಸರು ಕೇಳಿದಲ್ಲೂ ಸಾಮಾನ್ಯವಾಗಿ ಇದನ್ನೇ ಕೊಡಬೇಕು.
* ಬರುವ ಪತ್ರದ ಸರ್ವರ್. ಜಿಮೇಲ್‌ಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್.
* ಹೋಗುವ ಪತ್ರದ ಸರ್ವರ್. ಜಿಮೇಲ್‌ಗೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. ಪೋರ್ಟ್ 465 ಆದರೆ ಎಸ್‌ಎಸ್‌ಎಲ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್.
* ಹೋಗುವ ಪತ್ರಕ್ಕೂ ಪಾಸ್‌ವರ್ಡ್ ಬೇಕು ಎಂಬ ಗುರುತು. ಇದನ್ನು ಮರೆಯುವವರೇ ಹೆಚ್ಚು.

ಈ ವಿಳಾಸಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬೆರಳಚ್ಚಿಸಬೇಕು. ಬರುವ ಪತ್ರದ ಪೋರ್ಟ್ 993 ಎಂಬ ಅಂಕಿ ಬಹುತೇಕ ಎಲ್ಲ ಸೇವೆಗಳಿಗೂ ಒಂದೇ. ಹೋಗುವ ಪತ್ರದ ಪೋರ್ಟ್ ಕೆಲವು ಸೇವೆಗಳಲ್ಲಿ 465, ಕೆಲವುದರಲ್ಲಿ 587. ಸರ್ವರ್ ಹೆಸರು ಬೇರೆ ಬೇರೆ. ಸ್ವಂತ ಡೊಮೇನ್ ಹೆಸರಿನಲ್ಲಿ ಮೇಲ್ ಇದ್ದರೆ ಅದನ್ನು ಮಾರಿದವರಿಂದ ಸರ್ವರ್ ಹೆಸರು ಕೇಳಿ ಪಡೆಯಿರಿ. ಹೊಸದಾಗಿ ಕೊಳ್ಳುವವರು ಆ ಯೋಜನೆಯಲ್ಲಿ ಐಮ್ಯಾಪ್ ಸೌಲಭ್ಯ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ವಿಚಾರಿಸಬೇಕು. ಸರ್ಕಾರಿ ಮೇಲ್ ವಿಳಾಸ ಇರುವವರು ತಾವಾಗಿ ಹೊಂದಿಸಲು ಹೋಗದೆ ತಮ್ಮ ಕಚೇರಿಯ ಮೂಲಕ ಅನುಮತಿ ಪಡೆಯುವುದು ಒಳ್ಳೆಯದು.

ಫೋನ್‌ನಲ್ಲಿ

ಆಂಡ್ರಾಯ್ಡ್ ಫೋನ್‌ನ ಜಿಮೇಲ್ ಆ್ಯಪ್ ತೆರೆದು, ಮೇಲ್ತುದಿಯ ನಿಮ್ಮ ಚಿತ್ರವನ್ನು ಒತ್ತಿ, ಇನ್ನೊಂದು ಖಾತೆ ಸೇರಿಸಿ ಎಂಬುದನ್ನು ಆರಿಸಿ. ಗೂಗಲ್ ಅಥವಾ ಔಟ್‌ಲುಕ್ ಖಾತೆಯಾದರೆ ಅದರ ಹೆಸರನ್ನೇ ಒತ್ತಿದರೆ ಸಾಕು. ಪೋರ್ಟು, ಸರ್ವರುಗಳ ಗೊಡವೆ ಇಲ್ಲ. ಕಂಪನಿಯ ಸ್ವಂತ ಮೇಲ್ ಆದರೆ ಇತರೆ ಎಂಬುದನ್ನು ಒತ್ತಿ, ವಿಳಾಸ ಕೊಟ್ಟು, ಐಮ್ಯಾಪ್ ಆಯ್ದುಕೊಂಡು ಮೇಲಿನ ವಿವರ ತುಂಬಿ. ಐಫೋನ್‌ನವರು ಸೆಟ್ಟಿಂಗ್ಸ್‌ನ ಮೇಲ್ ವಿಭಾಗದಲ್ಲಿ ಅಕೌಂಟ್ಸ್ ಎಂಬಲ್ಲಿ ಇದನ್ನೇ ಮಾಡಬೇಕು.

ಕಂಪ್ಯೂಟರ್‌ನಲ್ಲಿ

ಥಂಡರ್‌ಬರ್ಡ್ ಉಚಿತ ತಂತ್ರಾಂಶ. ಹೆಸರು, ವಿಳಾಸ ಕೊಟ್ಟರೆ ಅದು ತಾನೇ ಸರ್ವರ್ ಹುಡುಕಿ ಪಾಪ್ ಬೇಕೋ ಐಮ್ಯಾಪ್ ಬೇಕೋ ಎಂದು ಕೇಳುತ್ತದೆ. ಐಮ್ಯಾಪ್ ಒತ್ತಿ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಫೈಲ್ ಪಟ್ಟಿಯಿಂದ ಖಾತೆ ಸೇರಿಸಿ ಎಂಬಲ್ಲಿಗೆ ಹೋಗಿ, ನಾನೇ ಹೊಂದಿಸುತ್ತೇನೆ ಎಂಬುದಕ್ಕೆ ಗುರುತು ಹಾಕಿದರೆ ಐಮ್ಯಾಪ್ ಆಯ್ಕೆ ಸಿಗುತ್ತದೆ. ಜಿಮೇಲ್‌ನ ವೈಯಕ್ತಿಕ ಖಾತೆಗಳಲ್ಲಿ 2025ರ ಜನವರಿಯಿಂದ ಐಮ್ಯಾಪ್ ಸದಾ ತೆರೆದೇ ಇರುತ್ತದೆ. ಬೇರೆಯಾಗಿ ಚಾಲೂ ಮಾಡಬೇಕಿಲ್ಲ.

ಏನೂ ಹೊಂದಿಸದೆ ಬ್ರೌಸರ್‌ನಲ್ಲೇ ಮೇಲ್ ನೋಡಿದರೂ ಆಯಿತು. ಇಂಟರ್‌ನೆಟ್ ಕೇಂದ್ರದಲ್ಲಿ ನೋಡುವವರು ಖಾಸಗಿ ಕಿಟಕಿಯಲ್ಲಿ ತೆರೆದು, ಏಳುವ ಮುನ್ನ ಲಾಗ್‌ಔಟ್ ಆಗಬೇಕು.

ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎನ್ನುತ್ತದಲ್ಲ!

ಬಹಳ ಮಂದಿ ಸೋಲುವುದು ಇಲ್ಲೇ. ಮೊದಲು ಯಾವ ತಂತ್ರಾಂಶಕ್ಕಾದರೂ ಮೇಲ್ ಪಾಸ್‌ವರ್ಡನ್ನೇ ಕೊಡಬಹುದಿತ್ತು. ಕಳ್ಳರ ಕಾಟ ಹೆಚ್ಚಿದ್ದರಿಂದ ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಈ ದಾರಿ ಮುಚ್ಚಿತು. ಮೈಕ್ರೋಸಾಫ್ಟ್ ಕಂಪನಿ ಖಾತೆಗಳಲ್ಲಿ 2022ರ ಅಕ್ಟೋಬರ್‌ನಿಂದ, ವೈಯಕ್ತಿಕ ಔಟ್‌ಲುಕ್ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ ಹೀಗೇ ಮಾಡಿತು. ಈಗ ತಂತ್ರಾಂಶವು ಆ ಸೇವೆಯದೇ ಪುಟ ತೆರೆದು ಅಲ್ಲಿ ನಿಮ್ಮನ್ನು ಗುರುತಿಸಿಕೊಂಡು ಬರುತ್ತದೆ. ಹೊಸ ಥಂಡರ್‌ಬರ್ಡ್, ಹೊಸ ಔಟ್‌ಲುಕ್‌ಗಳಿಗೆ ಇದು ಗೊತ್ತು. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಗೊತ್ತಿಲ್ಲ. ಅಂಥ ಹಳೇ ಯಂತ್ರವನ್ನು ಲೆಕ್ಕಪತ್ರಕ್ಕೆ ಇಟ್ಟುಕೊಂಡು, ಮೇಲ್‌ಗೆ ಬೇರೆ ಯಂತ್ರ ಬಳಸುವುದೇ ಲೇಸು.

ನಡುವಿನ ಕಾಲದ ತಂತ್ರಾಂಶ ಅಥವಾ ಮೇಲ್ ಕಳಿಸುವ ಸ್ಕ್ಯಾನರ್ ಇದ್ದರೆ ಗೂಗಲ್‌ನಲ್ಲಿ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು. ಇದಕ್ಕೆ ಮೊದಲು ಎರಡು ಹಂತದ ಪರಿಶೀಲನೆ ಚಾಲೂ ಇರಬೇಕು. 16 ಅಕ್ಷರಗಳ ಈ ಪಾಸ್‌ವರ್ಡ್ ಒಮ್ಮೆ ಮಾತ್ರ ಕಾಣುತ್ತದೆ. ಒಂದೊಂದು ಯಂತ್ರಕ್ಕೆ ಒಂದೊಂದು ಪಡೆದರೆ, ಯಂತ್ರ ಕಳೆದಾಗ ಅದರದ್ದನ್ನಷ್ಟೇ ರದ್ದು ಮಾಡಬಹುದು. ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ ಎಂಬುದೂ ನೆನಪಿರಲಿ.

ಎರಡು ಸಿಮ್‌ಗಳ ಊರಿನ ತೊಂದರೆ

ಗಡಿ ಊರುಗಳಲ್ಲಿ ಒಂದು ಆಂಧ್ರದ ಸಿಮ್, ಒಂದು ಕರ್ನಾಟಕದ ಸಿಮ್ ಇಟ್ಟುಕೊಳ್ಳುವುದು ಹೊಸದೇನಲ್ಲ. ಮೇಲ್ ಖಾತೆ ತೆರೆದಾಗ ಕೊಟ್ಟ ನಂಬರ್ ಮಾತ್ರ ಎಂದೋ ನಿಂತುಹೋಗಿರುತ್ತದೆ. ಫೋನ್ ಕಳೆದು ಹೊಸ ಫೋನ್‌ನಲ್ಲಿ ಮೇಲ್ ತೆರೆಯಲು ಹೋದ ದಿನ ಒಟಿಪಿ ಆ ಸತ್ತ ನಂಬರಿಗೆ ಹೋಗುತ್ತದೆ. ಬಳಸದ ನಂಬರನ್ನು ಕಂಪನಿಗಳು ಕೆಲ ತಿಂಗಳ ಬಳಿಕ ಬೇರೆಯವರಿಗೆ ಕೊಡುವುದೂ ಉಂಟು. ಆಗ ಒಟಿಪಿ ಅಪರಿಚಿತರ ಕೈಗೆ ಸಿಕ್ಕಂತೆಯೇ. ಆದ್ದರಿಂದ:

* ಖಾತೆಯ ಭದ್ರತಾ ಪುಟದಲ್ಲಿ ಯಾವ ನಂಬರ್ ಇದೆ ಎಂದು ಇಂದೇ ನೋಡಿ, ಹಳೆಯದಿದ್ದರೆ ಬದಲಿಸಿ.
* ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ದಾಖಲೆಗಳ ಜೊತೆ ಇಡಿ. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಸಿಮ್, ಸಿಗ್ನಲ್ ಎರಡೂ ಬೇಡ.
* ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಈ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಗುಮಾಸ್ತರಿಗೆ ಪಾಸ್‌ವರ್ಡ್ ಕೊಡಬೇಕೇ?

ಬೇಡ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಖಾತೆಗಳು ಎಂಬ ವಿಭಾಗದಲ್ಲಿ ಇನ್ನೊಬ್ಬರಿಗೆ ಪ್ರವೇಶ ಕೊಡುವ ಸೌಲಭ್ಯವಿದೆ. ಗುಮಾಸ್ತರು ತಮ್ಮದೇ ಜಿಮೇಲ್‌ನಿಂದ ಅಂಗಡಿಯ ಪತ್ರ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಿಸಲು ಮಾತ್ರ ಆಗದು. ಅವರು ಕೆಲಸ ಬಿಟ್ಟ ದಿನ ಹೆಸರು ತೆಗೆದರೆ ಮುಗಿಯಿತು. ಅಂಗಡಿಯ ಮೇಲ್ ಮಾಲೀಕರ ಹೆಸರಿನಲ್ಲೇ, ಮಾಲೀಕರ ನಂಬರಿನಲ್ಲೇ ಇರಬೇಕು. ಹುಡುಗರು ತಮ್ಮ ನಂಬರ್ ಹಾಕಿ ತೆರೆದುಕೊಟ್ಟ ಖಾತೆಗಳು ಅವರೊಂದಿಗೇ ಹೊರಟುಹೋಗುತ್ತವೆ.

ಪಾಪ್‌ನಿಂದ ಐಮ್ಯಾಪ್‌ಗೆ ಬದಲಾಗುವುದು ಹೇಗೆ?

1. ಹಳೆಯ ಖಾತೆಯನ್ನು ತಂತ್ರಾಂಶದಿಂದ ಅಳಿಸಬೇಡಿ. ಹಲವು ವರ್ಷಗಳ ಪತ್ರ ಅದರಲ್ಲಿ ಮಾತ್ರ ಇರಬಹುದು. ಮೊದಲು ಆ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ.
2. ಪಾಪ್ ಖಾತೆ ತಾನಾಗಿ ಪತ್ರ ತರುವುದನ್ನು ನಿಲ್ಲಿಸಿ.
3. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಪಕ್ಕದಲ್ಲಿ ಸೇರಿಸಿ.
4. ಬೇಕಾದ ಹಳೆಯ ಪತ್ರಗಳನ್ನು ಹೊಸ ಖಾತೆಯ ಕಡತಕ್ಕೆ ಸ್ವಲ್ಪಸ್ವಲ್ಪವಾಗಿ ನಕಲು ಮಾಡಿ. ಜಿಮೇಲ್‌ನ ಉಚಿತ ಜಾಗ 15 ಜಿಬಿ. ಫೋಟೋ, ಡ್ರೈವ್‌ಗಳೂ ಅದರಲ್ಲೇ ಸೇರಿವೆ.
5. ಅವು ಫೋನ್‌ನಲ್ಲಿ ಕಾಣಿಸಿದ ಮೇಲಷ್ಟೇ ಹಳೆಯ ಖಾತೆ ತೆಗೆಯಿರಿ.

ಕನ್ನಡದಲ್ಲಿ ಬರೆದರೆ ಚೌಕಗಳೇ ಕಾಣುತ್ತವೆಯೇ?

ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪತ್ರ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಪಕ್ಕದಲ್ಲೇ ತೆಲುಗು ಬರೆದರೂ ಸರಿ. ಹಳೆಯ ಕಡತವನ್ನೇ ಕಳಿಸಬೇಕಾದರೆ ಪಿಡಿಎಫ್ ಮಾಡಿ ಲಗತ್ತಿಸಿ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ.

ಹಣದ ಮಾತು ಬಂದರೆ ಫೋನ್ ಮಾಡಿ

ಕಳ್ಳರು ಮೇಲ್ ಖಾತೆಗೆ ನುಗ್ಗಿದರೆ ಕೂಡಲೇ ಸದ್ದು ಮಾಡುವುದಿಲ್ಲ. ಬರುವ ಪತ್ರಗಳೆಲ್ಲ ತಮಗೂ ಹೋಗುವಂತೆ ಫಾರ್ವರ್ಡಿಂಗ್ ಹಾಕಿ ಕಾಯುತ್ತಾರೆ. ಬಿಲ್ಲು ಬರುವ ಹೊತ್ತಿಗೆ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಲ್ಲಿಗೆ ಹಾಕಿ ಎಂದು ಪರಿಚಿತರ ಹೆಸರಿನಲ್ಲೇ ಬರೆಯುತ್ತಾರೆ. ಇಂಥ ಪತ್ರ ಬಂದರೆ ಅದಕ್ಕೆ ಉತ್ತರಿಸದೆ, ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟಗಳನ್ನು ತಿಂಗಳಿಗೊಮ್ಮೆ ನೋಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಈ ಸೈಬರ್ ವಂಚನೆ ಸಹಾಯವಾಣಿ ಆಂಧ್ರದಲ್ಲೂ ಕರ್ನಾಟಕದಲ್ಲೂ ಒಂದೇ ನಂಬರ್.

ಕೊನೆಯದಾಗಿ ಒಂದು ಪರೀಕ್ಷೆ

ಎಲ್ಲ ಮುಗಿದ ಮೇಲೆ ಮನೆಯವರ ಮೇಲ್‌ನಿಂದ ಅಂಗಡಿಯ ಮೇಲ್‌ಗೆ ಒಂದು ಪತ್ರ ಕಳಿಸಿ. ಕಂಪ್ಯೂಟರ್‌ನಲ್ಲಿ ತೆರೆಯಿರಿ, ಫೋನ್‌ನಲ್ಲೂ ಇದೆಯೇ ನೋಡಿ. ಫೋನ್‌ನಿಂದ ಉತ್ತರ ಬರೆಯಿರಿ. ಕಂಪ್ಯೂಟರ್‌ನ ಕಳಿಸಿದ ಪತ್ರಗಳಲ್ಲಿ ಅದು ಕಾಣಬೇಕು. ಎರಡೂ ಆದರೆ ಕೆಲಸ ಸರಿಯಾಗಿದೆ. ಮುಂದಿನ ಅಳತೆ ಪಟ್ಟಿ ಬಂದಾಗ ಮಾಲೀಕರು ಬಸ್ಸಿನಲ್ಲಿರಲಿ, ಬಳ್ಳಾರಿಯಲ್ಲಿರಲಿ, ಕತ್ತರಿ ಹಾಕುವ ಮುಂಚೆಯೇ ಅದು ಅವರ ಕಣ್ಣಿಗೆ ಬಿದ್ದಿರುತ್ತದೆ.