ಅಡಿಕೆಯ ಸೀಮೆಯಲ್ಲಿ ಬಾಯಿ ಮತ್ತು ದೇಹ: ಒಂದು ಚಾರಿತ್ರಿಕ ಅವಲೋಕನ

ಯಲ್ಲಾಪುರ ತಾಲೂಕಿನ ಚಂದಗುಳಿಯು ಭಕ್ತರು ಹರಕೆಗೆ ಘಂಟೆ ಕಟ್ಟುವ ಗಣಪತಿಯ ಕ್ಷೇತ್ರವೆಂದು ಪ್ರಸಿದ್ಧ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನೊಳಗೊಂಡ ಈ ಸೀಮೆಯ ಬದುಕಿಗೆ ಅಡಿಕೆ ತೋಟವೇ ಆಧಾರ. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸೋದೆ ಸೀಮೆಯ ತೋಟಗಾರಿಕೆಯನ್ನು ದಾಖಲಿಸಿದ್ದಾನೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಸ್ಥಾಪನೆಗೊಂಡಿತು. ಅಡಿಕೆಯ ಆರ್ಥಿಕ ಚರಿತ್ರೆಗೆ ಇಂತಹ ಆಧಾರಗಳಿವೆ. ಆದರೆ ಕವಳ ಹಾಕಿದ ಬಾಯಿಯ ಚರಿತ್ರೆಯೂ ಅಷ್ಟೇ ಗಮನಾರ್ಹವಾದುದು.

ಪ್ರಾಚೀನ ವೈದ್ಯವು ಬಾಯಿಯನ್ನು ದೇಹದಿಂದ ಬೇರ್ಪಡಿಸಿ ನೋಡಲಿಲ್ಲ. ಸುಶ್ರುತಸಂಹಿತೆಯು ತುಟಿ, ಒಸಡು, ಹಲ್ಲು, ನಾಲಗೆ, ಅಂಗುಳ, ಗಂಟಲು ಮುಂತಾದ ಏಳು ಸ್ಥಾನಗಳಲ್ಲಿ 65 ಮುಖರೋಗಗಳನ್ನು ಎಣಿಸಿ, ಅವುಗಳ ಮೂಲವನ್ನು ದೋಷಗಳ ಪ್ರಕೋಪದಲ್ಲಿ ಗುರುತಿಸುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವು ರಾಜಭೋಗಗಳಲ್ಲೊಂದು. ಆದರೆ ಅಷ್ಟಾಂಗಹೃದಯವು ಗಾಯ, ರಕ್ತಪಿತ್ತ, ನೇತ್ರರೋಗ, ಕ್ಷಯ ಮೊದಲಾದವುಗಳಿಂದ ಬಳಲುವವರಿಗೆ ತಾಂಬೂಲವು ಅಪಥ್ಯವೆಂದೂ ವಿಧಿಸಿದೆ. ದೇಹದ ಸ್ಥಿತಿಯನ್ನು ನೋಡಿಯೇ ಬಾಯಿಯ ಭೋಗವನ್ನು ನಿರ್ಣಯಿಸಬೇಕೆಂಬ ವಿವೇಕವಿದು. ಪೋರ್ಚುಗೀಸರ ಮೂಲಕ ಬಂದ ತಂಬಾಕು ಕವಳವನ್ನು ಸೇರಿದ್ದು ಬಹುಕಾಲದ ಅನಂತರ. ಆದ್ದರಿಂದ ಇಂದಿನ ಕವಳಕ್ಕೆ ಶಾಸ್ತ್ರದ ಪ್ರಶಂಸೆಯನ್ನು ಹಾಗೆಯೇ ಅನ್ವಯಿಸಲಾಗದು.

ಪಾಶ್ಚಾತ್ಯ ವೈದ್ಯದಲ್ಲಿ ಡಬ್ಲ್ಯೂ. ಡಿ. ಮಿಲ್ಲರ್ 1891ರಲ್ಲಿ ಬಾಯಿಯು ಇಡೀ ದೇಹಕ್ಕೆ ಸೋಂಕಿನ ಕೇಂದ್ರವಾಗಬಲ್ಲದೆಂದು ವಾದಿಸಿದನು. ಈ ವಾದವು ಅತಿಗೆ ಹೋಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಸಂಖ್ಯ ಹಲ್ಲುಗಳನ್ನು ಅನಗತ್ಯವಾಗಿ ಕೀಳಿಸಿತು. ಬಳಿಕ ಹಿನ್ನೆಲೆಗೆ ಸರಿಯಿತು. 1993ರಲ್ಲಿ ಹೆರಾಲ್ಡ್ ಲೋ ಒಸಡುರೋಗವನ್ನು ಮಧುಮೇಹದ ಆರನೆಯ ತೊಡಕೆಂದು ಕರೆದಾಗ ಸಂಬಂಧವು ಹೆಚ್ಚು ಖಚಿತ ಆಧಾರದ ಮೇಲೆ ಮರಳಿತು. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಒಸಡಿನ ಸೋಂಕು ಉಲ್ಬಣಿಸುತ್ತದೆ; ಒಸಡಿನ ದೀರ್ಘಕಾಲದ ಉರಿಯೂತವು ಇನ್ಸುಲಿನ್ನಿನ ಕಾರ್ಯವನ್ನು ಕುಂಠಿತಗೊಳಿಸಿ ಸಕ್ಕರೆಯ ನಿಯಂತ್ರಣವನ್ನು ಕಠಿಣವಾಗಿಸುತ್ತದೆ.

ಅಡಿಕೆಯ ಸೀಮೆಗೆ ಈ ಪರಸ್ಪರತೆಯು ವಿಶೇಷ ಅರ್ಥವುಳ್ಳದ್ದು. ಅಡಿಕೆಯ ಸತತ ಸೇವನೆಯಿಂದ ಒಳಕೆನ್ನೆ ಬಿಗಿದು ಬಾಯಿ ತೆರೆಯಲಾಗದ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಪೂರ್ವ ಆಫ್ರಿಕದ ಭಾರತೀಯ ಸ್ತ್ರೀಯರಲ್ಲಿ ವರ್ಣಿಸಿದನು. ಬಾಯಿ ತೆರೆಯದವರಿಗೆ ಹಲ್ಲುಜ್ಜುವುದೂ ಪಥ್ಯದ ಆಹಾರವನ್ನು ಅಗಿಯುವುದೂ ಕಷ್ಟ. ಅಂಥವರಿಗೆ ಮಧುಮೇಹವೂ ಇದ್ದರೆ ಎರಡೂ ವ್ಯಾಧಿಗಳ ಆರೈಕೆ ಒಟ್ಟಿಗೇ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕುಸಹಿತ ತಾಂಬೂಲವನ್ನೂ, 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ತಾಂಬೂಲ ಹಾಗೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಕರ್ನಾಟಕವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು.

ಅನ್ನ ನೀಡುವ ಬೆಳೆಯೇ ಅನ್ನ ತಿನ್ನುವ ಬಾಯಿಗೆ ಬಾಧಕವಾಗುವ ಈ ವಿರೋಧವು ಘೋಷಣೆಗಳಿಂದ ಪರಿಹಾರವಾಗದು. ಮಂಗಲಕಾರ್ಯದ ತಾಂಬೂಲವೂ ದಿನವಿಡೀ ಬಾಯಲ್ಲಿರುವ ಕವಳವೂ ಒಂದಲ್ಲ. ಬೆಳೆಯ ಗೌರವವೂ ಸೇವನೆಯ ಸಮರ್ಥನೆಯೂ ಒಂದಲ್ಲ. ಈ ವಿಂಗಡಣೆಯನ್ನು ಮಾಡಿಕೊಂಡು, ಆಸ್ಪತ್ರೆಯ ದಾಖಲೆಗಳನ್ನೂ ಹಿರಿಯರ ಮೌಖಿಕ ನೆನಪುಗಳನ್ನೂ ಜೊತೆಗಿಟ್ಟು ಅಭ್ಯಸಿಸಿದಲ್ಲಿ, ಈ ಸೀಮೆಯ ಆರೋಗ್ಯ ಚರಿತ್ರೆಯು ಆರ್ಥಿಕ ಚರಿತ್ರೆಯಷ್ಟೇ ಸಮಗ್ರವಾದೀತು.